ವಿಶ್ವದ ಚಕ್ಕುಬಂದಿ

ಉತ್ತರಹಳ್ಳಿ, ಬೆಂಗಳೂರು
9 ಜುಲೈ 2023

ಪ್ರಿಯಾಂಕಾ,

ನೀನು ಫೋನ್ ಮಾಡಿದಾಗಲೆಲ್ಲ ಕಮಲಾದೇವಿ ಅರ್ಧ ಗಂಟೆ ಮಾತಾಡಿ ಆಮೇಲೆ ನನ್ನ ಕೈಗೆ ಕೊಡುತ್ತಾಳೆ. ನನಗೆ ಒಂದಕ್ಷರವೂ ಕೇಳಿಸುವುದಿಲ್ಲ. ಹೂಂ ಹೂಂ ಅಂದು ಇಡುತ್ತೇನೆ. ಹೋದ ವಾರ ನೀನು ಜ್ವರ ಬಂದು ಮಲಗಿದ್ದೆ ಅಂತ ಹೇಳುತ್ತಿದ್ದೆಯಂತೆ, ನಾನು ಬಹಳ ಸಂತೋಷ ಅಂದೆನಂತೆ. ಕಿವಿಗೆ ಮೆಷಿನ್ ಹಾಕಿಸಿ ಅಂತ ಹೆಂಡತಿ ದಿನಾ ತಲೆ ತಿನ್ನುತ್ತಾಳೆ. ಹಾಕಿಸುವುದಿಲ್ಲ. ನನ್ನ ಹತ್ತಿರ ಮಾತಾಡಬೇಕಾದರೆ ಕಾಗದ ಬರಿ.

ಮೂರು ವರ್ಷ ನಮ್ಮ ಮಹಡಿ ರೂಮಿನಲ್ಲಿ ಬಾಡಿಗೆಗಿದ್ದೆ. ಟ್ಯಾಂಕ್ ತುಂಬಿ ಬೀದಿಗೆ ನೀರು ಹರಿದರೂ ಮೋಟಾರ್ ನಿಲ್ಲಿಸುತ್ತಿರಲಿಲ್ಲ ಅಂತ ಬೈದಿದ್ದೇನೆ. ಏನು ಓದುತ್ತೀಯ ಅಂತ ಮಾತ್ರ ಒಂದು ದಿನವೂ ಕೇಳಲಿಲ್ಲ. ನೀನು ಪುಣೆಗೆ ಹೋಗಿ ನಾಲ್ಕು ವರ್ಷವಾದ ಮೇಲೆ ಈಗ ಪಾರ್ಕಿನಲ್ಲಿ ಕೆಂಪರಾಜು ಕೇಳಿದ. ಅವನು ಬಸ್ ಕಂಡಕ್ಟರ್ ಆಗಿ ರಿಟೈರಾದವನು, ಎಲ್ಲರ ಟಿಕೆಟ್ಟನ್ನೂ ಕೇಳುವ ಚಾಳಿ ಇನ್ನೂ ಬಿಟ್ಟಿಲ್ಲ.

"ನಿಮ್ಮನೇಲಿದ್ದ ಆ ಬಾಗಲಕೋಟೆ ಹುಡುಗಿ ಇನ್ನೂ ಓದ್ತಾನೇ ಇದಾಳಾ ಗುರು? ಏನು ಓದ್ತಾಳೆ ಅಷ್ಟೊಂದು?"

"ಆಕಾಶ ಎಲ್ಲೀವರೆಗೂ ಇದೆ ಅಂತ ಓದ್ತಾಳೆ" ಅಂದೆ. ಕಮಲಾದೇವಿ ಹಾಗೆ ಹೇಳಿದ್ದು ನೆನಪಿತ್ತು.

"ಎಲ್ಲೀವರೆಗೂ ಇದೆಯಂತೆ?"

ಕೇಳಿ ಹೇಳುತ್ತೇನೆ ಅಂತ ಎದ್ದು ಬಂದೆ. ಅದಕ್ಕೇ ಈ ಕಾಗದ.

ನಾನು ಮೂವತ್ತೈದು ವರ್ಷ ಸರ್ವೆಯವರ ಹಿಂದೆ ಅಳತೆ ಚೈನು ಎಳೆದವನು. ಜಮೀನು ಅಂದಮೇಲೆ ಅದಕ್ಕೆ ಚಕ್ಕುಬಂದಿ ಇರಬೇಕು. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಬಂಡಿದಾರಿ, ಉತ್ತರಕ್ಕೆ ಕೆರೆ ಅಂಗಳ, ದಕ್ಷಿಣಕ್ಕೆ ಇಂಥವರ ಮನೆ. ಈ ನಾಲ್ಕು ಬರೆಯದಿದ್ದರೆ ಪತ್ರ ರಿಜಿಸ್ಟರ್ ಆಗುವುದಿಲ್ಲ. ಹಾಗಾದರೆ ಈ ವಿಶ್ವ ಅಂತೀರಲ್ಲ, ಅದರ ಪೂರ್ವಕ್ಕೆ ಏನಿದೆ? ಕೊನೆ ಇದೆಯೋ ಇಲ್ಲವೋ? ಹೌದು ಅಥವಾ ಇಲ್ಲ ಅಂತ ಬರಿ. ನಾನು ಓದಿದ್ದು ನಾಲ್ಕನೇ ಕ್ಲಾಸು. ಸುತ್ತಿ ಬಳಸಿ ಬರೆದರೆ ಹರಿದು ಹಾಕುತ್ತೇನೆ.

ಸಿದ್ದಲಿಂಗಯ್ಯ


ಪುಣೆ
24 ಜುಲೈ 2023

ಅಜ್ಜಾರಿಗೆ ಪ್ರಿಯಾಂಕಾಳ ಶರಣು.

ನಿಮ್ಮ ಕಾಗದ ನಮ್ಮ ಸಂಸ್ಥೆಯ ಗೇಟಿನಲ್ಲಿ ಮೂರು ದಿನ ಕೂತಿತ್ತು. ಇಲ್ಲಿ ಯಾರಿಗೂ ಕೈಬರಹದ ಕಾಗದ ಬರುವುದಿಲ್ಲ. ವಾಚ್‌ಮನ್ ಅದನ್ನು ಕೋರ್ಟ್ ನೋಟಿಸ್ ಅಂದುಕೊಂಡು ಹೆದರಿದ್ದ. ತೆಗೆದು ಓದಿದ ಮೇಲೆ ನನಗೂ ಹಾಗೇ ಅನ್ನಿಸಿತು.

ಹೌದು ಅಥವಾ ಇಲ್ಲ ಎಂದು ಬರೆಯಲು ಬರುವಂತಿದ್ದರೆ ನನಗೆ ಇಲ್ಲಿ ಕೆಲಸವೇ ಇರುತ್ತಿರಲಿಲ್ಲ. ಹರಿಯಬೇಡಿ, ಮುಂದೆ ಓದಿರಿ.

ಕೊನೆ ಇದೆ ಅಂದರೆ ಬೇಲಿ ಇರಲೇಬೇಕು ಅಂತಿಲ್ಲ ಅಜ್ಜಾರ. ನೀವು ಉತ್ತರಹಳ್ಳಿಯಿಂದ ಹೊರಟು, ಬೆಟ್ಟ ಸಮುದ್ರ ಯಾವುದನ್ನೂ ಲೆಕ್ಕಿಸದೆ ಮೂಗಿನ ನೇರಕ್ಕೆ ನಡೆದರೆ, ಹಿಂದಿನಿಂದ ಉತ್ತರಹಳ್ಳಿಗೇ ಬರುತ್ತೀರಿ. ದಾರಿಯಲ್ಲಿ ಎಲ್ಲೂ ಬೇಲಿ ಸಿಗುವುದಿಲ್ಲ. ಆದರೂ ಭೂಮಿ ಇಷ್ಟೇ ಅಂತ ಇದೆ. ವಿಶ್ವವೂ ಹಾಗಿರಬಹುದು. ಹಾಗಿದ್ದರೆ ಒಂದೇ ಜಾಗದ ಬೆಳಕು ನಮಗೆ ಎರಡು ದಿಕ್ಕಿನಿಂದ ಬರುತ್ತದೆ. ವಿಶ್ವದ ತೀರ ಹಳೆಯ ಬೆಳಕಿನ ನಕ್ಷೆಯೊಂದು ನಮ್ಮ ಹತ್ತಿರ ಇದೆ. ಅದರ ತುಂಬ ಬಿಸಿ ಜಾಗ, ತಣ್ಣನೆ ಜಾಗ ಅಂತ ಸಣ್ಣ ಸಣ್ಣ ಕಲೆಗಳು. ಆಕಾಶದ ಈ ಕಡೆಯ ಕಲೆಗಳ ಸಾಲು ಆ ಕಡೆಯಲ್ಲೂ ಹಾಗೇ ಸಿಕ್ಕರೆ, ವಿಶ್ವಕ್ಕೆ ಮಿತಿ ಇದೆ ಎಂದರ್ಥ. ನಾನು ಆ ಜೋಡಿ ಸಾಲನ್ನು ಹುಡುಕುತ್ತಿದ್ದೇನೆ. ನಾಲ್ಕು ವರ್ಷವಾಯಿತು, ಸಿಕ್ಕಿಲ್ಲ.

ಸಿಗದಿದ್ದರೆ ಕೊನೆ ಇಲ್ಲ ಅಂತಲ್ಲ. ಕೊನೆಯೇ ಇಲ್ಲದಿರಬಹುದು, ಅಥವಾ ಅಲ್ಲಿಂದ ಬೆಳಕು ನಮ್ಮವರೆಗೆ ಬಂದು ಮುಟ್ಟದಷ್ಟು ದೊಡ್ಡದಿರಬಹುದು.

ಅಮ್ಮಾರಿಗೆ ಹೇಳಿರಿ, ಚಟ್ನಿಪುಡಿ ಮುಗಿದಿದೆ.

ನಿಮ್ಮ
ಪ್ರಿಯಾಂಕಾ


ಉತ್ತರಹಳ್ಳಿ
6 ಆಗಸ್ಟ್ 2023

ಪ್ರಿಯಾಂಕಾ,

ಅರ್ಥವಾಯಿತು. ಸಿಟ್ಟೂ ಬಂತು. ಇಷ್ಟು ಒಳ್ಳೆಯ ಮಾತನ್ನು ಮೂರು ವರ್ಷ ಮಹಡಿಯ ಮೇಲೆ ಇಟ್ಟುಕೊಂಡು ಒಂದು ದಿನವೂ ಕೆಳಗೆ ಬಂದು ಹೇಳಲಿಲ್ಲವಲ್ಲ.

ನಮ್ಮ ಸರ್ವೆಯಲ್ಲೂ ಇದೇ. ಒಂದು ಕಲ್ಲಿನಿಂದ ಹೊರಟು ಜಮೀನನ್ನೆಲ್ಲ ಸುತ್ತಿ ಅದೇ ಕಲ್ಲಿಗೆ ಬಂದು ಕೂಡಬೇಕು. ಕೂಡಿದರೆ ಅಳತೆ ಸರಿ. ನೀನು ಹುಡುಕುತ್ತಿರುವುದು ಆ ಹೊರಟ ಕಲ್ಲು. ಬೇಲಿಯ ವಿಷಯ ಬಿಟ್ಟೆ, ಒಪ್ಪಿದೆ.

ಒಪ್ಪದೇ ಇರುವುದು ಇನ್ನೊಂದು. ಮೊದಲು ಏನೂ ಇರಲಿಲ್ಲ, ಒಂದು ದಿನ ಎಲ್ಲವೂ ಶುರುವಾಯಿತು ಅಂತ ಟಿವಿಯಲ್ಲಿ ಹೇಳುತ್ತಿದ್ದರು. ಅದಕ್ಕೂ ಮೊದಲು? ಬೆಂಗಳೂರಿನಲ್ಲಿ ಸೈಟು ತೆಗೆದುಕೊಳ್ಳುವವನು ಮೊದಲು ಮೂಲಪತ್ರ ಕೇಳುತ್ತಾನೆ. ನಿನಗೆ ಕೊಟ್ಟವನು ಯಾರು, ಅವನಿಗೆ ಕೊಟ್ಟವನು ಯಾರು. ಮೂಲಪತ್ರಕ್ಕೂ ಹಿಂದೆ ಯಾರೋ ಒಬ್ಬ ಉಳುತ್ತಿದ್ದನಲ್ಲ? ಟಿವಿಯವನು ಅದಕ್ಕೂ ಮೊದಲು ಅನ್ನುವ ಪ್ರಶ್ನೆಗೆ ಅರ್ಥವೇ ಇಲ್ಲ ಅಂದ. ಸಬ್ ರಿಜಿಸ್ಟ್ರಾರ್ ಮುಂದೆ ಹೋಗಿ ಹಾಗೆ ಹೇಳಲಿ ನೋಡೋಣ, ಫೈಲ್ ಸಮೇತ ಹೊರಗೆ ಹಾಕುತ್ತಾರೆ.

ಬೆಳಗ್ಗೆ ಸ್ನಾನ ಮಾಡಿ ಇಷ್ಟಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡು ಕೂರುತ್ತೇನೆ. ಇದಕ್ಕೆ ಆದಿ ಇಲ್ಲ, ಅಂತ್ಯ ಇಲ್ಲ ಅಂತ ನಮ್ಮಪ್ಪ ಹೇಳಿಕೊಟ್ಟಿದ್ದ. ಅರವತ್ತು ವರ್ಷ ನಂಬಿ ಕೂತೆ. ಈಗ ನಿನ್ನ ಕಾಗದ ಓದಿದ ಮೇಲೆ, ಕೊನೆಯೇ ಇಲ್ಲದ್ದು ನನ್ನ ಅಂಗೈಯಲ್ಲಿ ಹೇಗೆ ಹಿಡಿಯಿತು ಅಂತ ಯೋಚನೆ. ಕಮಲಾದೇವಿ "ಕಣ್ಮುಚ್ಚಿ ಕೂತ್ಕೊಳ್ರೀ, ಅಳತೆ ಹಾಕ್ಬೇಡಿ" ಅಂತಾಳೆ. ನನ್ನ ನೆಮ್ಮದಿ ಕೆಡಿಸಿದ್ದೀಯ. ಬೇಗ ಹುಡುಕು.

ಸಿದ್ದಲಿಂಗಯ್ಯ


ಪುಣೆ
19 ನವೆಂಬರ್ 2023

ಅಜ್ಜಾರ,

ಸಿಕ್ಕಿತು ಅನ್ನಿಸುತ್ತಿದೆ.

ಆಕಾಶದ ಎರಡು ವಿರುದ್ಧ ಕಡೆಗಳಲ್ಲಿ ಕಲೆಗಳ ಒಂದು ಸಾಲು ಜೋಡಿ ಬಂದಿದೆ. ನಮ್ಮ ಗೈಡ್ ಸರ್ ನೋಡಿ ಕುರ್ಚಿಯಿಂದ ಎದ್ದು ನಿಂತರು. ಈ ಸಂಸ್ಥೆಗೆ ಬಂದ ಮೇಲೆ ಅವರು ನನ್ನ ಕೆಲಸ ನೋಡಿ ಎದ್ದದ್ದು ಇದೇ ಮೊದಲು. ಮಾರ್ಚ್ 15ಕ್ಕೆ ಎಲ್ಲರ ಮುಂದೆ ನಾನೇ ಹೇಳಬೇಕು, ಆಮೇಲೆ ಪ್ರಬಂಧ ಅಚ್ಚಿಗೆ ಹೋಗುತ್ತದೆ. ಇದು ಸರಿ ಅಂತ ನಿಂತರೆ ನನಗೆ ಮುಂದಿನ ಕೆಲಸವೂ ಸಿಗುತ್ತದೆ. ನನ್ನ ಫೆಲೋಶಿಪ್ ಜೂನ್‌ಗೆ ಮುಗಿಯುತ್ತದಲ್ಲ, ಆ ಚಿಂತೆಯೂ ತಪ್ಪಿತು.

ಅಪ್ಪನಿಗೆ ಫೋನ್ ಮಾಡಿದೆ. "ವಿಶ್ವಕ್ಕ ಮಿತಿ ಐತಂತ ಗೊತ್ತಾತು" ಅಂದೆ. "ಊಟಾ ಮಾಡೀಯಿಲ್ಲೋ ಹೇಳು" ಅಂದರು. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಇನ್ನೂ ಪರೀಕ್ಷೆ ಮಾಡಬೇಕು. ಯಾರಿಗೂ ಹೇಳಬೇಡಿ.

ಪ್ರಿಯಾಂಕಾ


ಉತ್ತರಹಳ್ಳಿ
27 ನವೆಂಬರ್ 2023

ಮಗಳೇ,

ಯಾರಿಗೂ ಹೇಳಬೇಡಿ ಅಂತ ಕೊನೆಯ ಸಾಲಿನಲ್ಲಿ ಬರೆದಿದ್ದೀಯ. ಮೊದಲ ಸಾಲು ಓದಿದ ಕೂಡಲೇ ನಾನು ಚಪ್ಪಲಿ ಮೆಟ್ಟಿ ಪಾರ್ಕಿಗೆ ಹೋದೆ. ಉಳಿದದ್ದನ್ನು ಅಲ್ಲೇ ಎಲ್ಲರ ಮುಂದೆ ಓದಿದೆ. ಆ ಸಾಲು ಬರುವಷ್ಟರಲ್ಲಿ ಹತ್ತು ಜನ ಸೇರಿದ್ದರು. ತಪ್ಪು ನಿನ್ನದು. ಅಂಥದ್ದನ್ನು ಮೇಲೆ ಬರೆಯಬೇಕು.

ಕೆಂಪರಾಜು "ಅಂದ್ರೆ ಲಾಸ್ಟ್ ಸ್ಟಾಪ್ ಐತೆ ಅನ್ನಪ್ಪಾ!" ಅಂದ.

"ಲಾಸ್ಟ್ ಸ್ಟಾಪ್ ಇಲ್ಲ ಕಣೋ ದಡ್ಡ. ರಿಂಗ್ ರೋಡ್ ಸುತ್ತೋ ಬಸ್ಸು. ಹತ್ತಿದ ಕಡೆಗೇ ಬಂದು ನಿಲ್ಲುತ್ತೆ."

ಅವನು "ಹಂಗಾದ್ರೆ ಇಳಿಯೋದು ಎಲ್ಲಿ?" ಅಂದ. ಅದು ಅವನಿಗೆ ಸಂಬಂಧವಿಲ್ಲ ಅಂದೆ.

ನಾಲ್ಕನೇ ಕ್ರಾಸಿನ ಕೊನೇ ಮನೆಯ ಮುನಿಲಕ್ಷ್ಮಮ್ಮ ಇದನ್ನು ಕೇಳಿ ಸಂಜೆ ಮನೆಗೇ ಬಂದಳು. ಅವಳ ಗಂಡ ಸಾರಕ್ಕಿ ಮಾರ್ಕೆಟ್ಟಿನಲ್ಲಿ ಹೂವು ಮಾರುತ್ತಿದ್ದ, ತೀರಿಹೋಗಿ ಎರಡು ವರ್ಷವಾಯಿತು. "ಎಲ್ಲಾ ಸುತ್ತಿ ಬರೋ ಹಂಗಿದ್ರೆ ಹೋದೋರೂ ಸುತ್ತಿ ಬರ್ತಾರಾ ಅಯ್ನೋರೇ? ಆ ಮಗೂನ ಕೇಳಿ" ಅಂದಳು. ಇಂಥದ್ದೆಲ್ಲ ಕೇಳಬಾರದು ಅಂತ ಗದರಿಸಿ ಕಳಿಸಿದೆ. ಕಳಿಸಿದ ಮೇಲೆ ಊಟ ಸೇರಲಿಲ್ಲ.

ನಮ್ಮ ಬಡಾವಣೆಯ ಸಂಘದವರು ಶಿವರಾತ್ರಿಗೆ ನಿನಗೆ ಸನ್ಮಾನ ಮಾಡುತ್ತಾರೆ. ಶಾಲು, ಹಾರ, ಹಣ್ಣಿನ ಬುಟ್ಟಿ. ನಿನ್ನ ಫೋಟೋ ಹಾಕಿ ಫ್ಲೆಕ್ಸ್ ಬರೆಸುತ್ತಾರೆ. "ವಿಶ್ವದ ಕೊನೆ ಕಂಡ ನಮ್ಮ ಹುಡುಗಿ" ಅಂತ ಬರೆಸಲು ನಾನೇ ಹೇಳಿದೆ. ಅಂಗೈಯ ಲಿಂಗದ ಯೋಚನೆಯೂ ಹೋಯಿತು. ಮಿತಿ ಇರುವುದಾದರೆ ಹಿಡಿಯುತ್ತೆ, ಸರಿ.

ಮಾರ್ಚ್ ಎಂಟಕ್ಕೆ ಶಿವರಾತ್ರಿ. ಟಿಕೆಟ್ ಮಾಡಿಸು.

ಸಿದ್ದಲಿಂಗಯ್ಯ


ಉತ್ತರಹಳ್ಳಿ
5 ಜನವರಿ 2024

ಪ್ರಿಯಾಂಕಾ,

ಒಂದು ತಿಂಗಳು ದಾಟಿತು, ಕಾಗದವಿಲ್ಲ. ಕಮಲಾದೇವಿ ಫೋನ್ ಮಾಡಿದರೆ "ಕೆಲಸ ಇದೆ ಅಮ್ಮಾ" ಅಂತ ಇಡುತ್ತೀಯಂತೆ. ದೊಡ್ಡ ಮನುಷ್ಯಳಾದೆ. ಆಗಲಿ. ಟಿಕೆಟ್ ಆಯಿತೋ ಇಲ್ಲವೋ ಅಷ್ಟು ಬರಿ. ಶಾಮಿಯಾನದವನು ಕೇಳುತ್ತಿದ್ದಾನೆ.

ಸಿದ್ದಲಿಂಗಯ್ಯ


ಉತ್ತರಹಳ್ಳಿ
29 ಜನವರಿ 2024

ಮದುವೆ ಗೊತ್ತಾಗಿದ್ದರೆ ಹೇಳು, ಯಾರೂ ತಿನ್ನುವುದಿಲ್ಲ. ಮೈ ಹುಷಾರಿಲ್ಲದಿದ್ದರೆ ಹೇಳು, ಕಮಲಾದೇವಿ ರೈಲು ಹತ್ತಿ ಬರುತ್ತಾಳೆ. ಸುಮ್ಮನೆ ಸೊಕ್ಕಾದರೆ ಅದನ್ನೂ ಹೇಳು.

ಸಿ.


ಪುಣೆ
11 ಫೆಬ್ರವರಿ 2024

ಅಜ್ಜಾರಿಗೆ ಶರಣು.

ಮದುವೆಯೂ ಅಲ್ಲ, ರೋಗವೂ ಅಲ್ಲ, ಸೊಕ್ಕೂ ಅಲ್ಲ. ಹೇಗೆ ಬರೆಯಲಿ ಅಂತ ಗೊತ್ತಾಗದೆ ನಾಲ್ಕು ಕಾಗದ ಹರಿದೆ.

ನಮ್ಮ ಆಕಾಶದ ನಕ್ಷೆಯಲ್ಲಿ ಕೆಲವು ಜಾಗ ಕಾಣುವುದಿಲ್ಲ. ನಮ್ಮದೇ ಹಾಲುಹಾದಿಯ ಧೂಳು ಅಡ್ಡ ಬರುತ್ತದೆ. ಆ ತೂತುಗಳಿಗೆ ಲೆಕ್ಕದಿಂದ ತಯಾರಿಸಿದ ಕಲೆಗಳನ್ನು ತುಂಬಿ, ಬಟ್ಟೆಗೆ ತೇಪೆ ಹಾಕಿದ ಹಾಗೆ ಮುಚ್ಚುತ್ತೇವೆ. ಪ್ರತಿ ತೂತಿಗೂ ಬೇರೆ ತೇಪೆ ಹಾಕಬೇಕು. ನಾನು ಎರಡು ವರ್ಷದ ಹಿಂದೆ, ಯಾವುದೋ ಅವಸರದಲ್ಲಿ, ಆಕಾಶದ ಎರಡು ಕಡೆಗೂ ಒಂದೇ ತೇಪೆ ಹಾಕಿಬಿಟ್ಟಿದ್ದೆ. ಡಿಸೆಂಬರ್ ಮೂರಕ್ಕೆ ಗೊತ್ತಾಯಿತು. ಆ ಜೋಡಿ ಸಾಲು ವಿಶ್ವದ್ದಲ್ಲ ಅಜ್ಜಾರ. ನನ್ನ ತೇಪೆಯನ್ನೇ ನಾನು ಕಂಡುಹಿಡಿದೆ.

ಇದು ಯಾರಿಗೂ ಗೊತ್ತಿಲ್ಲ. ಗೈಡ್ ಸರ್‌ಗೂ ಗೊತ್ತಿಲ್ಲ. ಆ ತೇಪೆಯ ಫೈಲನ್ನು ನಾನೊಬ್ಬಳೇ ಮುಟ್ಟುವುದು. ನಾನು ಸುಮ್ಮನಿದ್ದರೆ ಪ್ರಬಂಧ ಅಚ್ಚಾಗುತ್ತದೆ, ಕೆಲಸ ಸಿಗುತ್ತದೆ. ಬೇರೆ ಯಾರಾದರೂ ಹುಡುಕಿ ತಪ್ಪು ಎನ್ನಲು ಐದಾರು ವರ್ಷ ಬೇಕು. ಆಗಲೂ ಅರಿಯದೆ ಆಯಿತು ಅಂತ ಹೇಳಬಹುದು. ಹೇಳಿಬಿಟ್ಟರೆ ಜೂನ್‌ಗೆ ನನ್ನ ಕೈಯಲ್ಲಿ ಏನೂ ಇರುವುದಿಲ್ಲ.

ಮಾರ್ಚ್ 15ಕ್ಕೆ ಏನು ಹೇಳುತ್ತೇನೋ ನನಗೇ ತಿಳಿಯದು. ನಿಮ್ಮ ಸನ್ಮಾನ ಮಾತ್ರ ಬೇಡ. ಕೈಮುಗಿದು ಕೇಳುತ್ತೇನೆ.

ಪ್ರಿಯಾಂಕಾ


ಉತ್ತರಹಳ್ಳಿ
17 ಫೆಬ್ರವರಿ 2024

ಪ್ರಿಯಾಂಕಾ,

ಫ್ಲೆಕ್ಸ್ ಕಟ್ಟಿ ಹತ್ತು ದಿನವಾಯಿತು. ಬಸ್ ಸ್ಟಾಪಿನ ಎದುರಿಗೇ ಇದೆ. ನಿನ್ನ ಫೋಟೋ ದೊಡ್ಡದು, ಮೂಲೆಯಲ್ಲಿ ನನ್ನದೂ ಒಂದು ಸಣ್ಣದು. ನಾನೀಗ ಹೋಗಿ ಏನು ಹೇಳಲಿ? ಹುಡುಗಿ ತೇಪೆ ಹಾಕಿದ್ದಳು ಅನ್ನಲೇ? ಕೆಂಪರಾಜು ನನ್ನನ್ನು ಬದುಕಲು ಬಿಡುತ್ತಾನಾ?

ಸಿಕ್ಕಿತ್ತಲ್ಲ. ನಿಮ್ಮ ಗೈಡು ಎದ್ದು ನಿಂತಿದ್ದನಲ್ಲ. ಮತ್ತೆ ಎಣಿಸು ಅಂತ ನಿನಗೆ ಯಾರು ಹೇಳಿದ್ದು? ಎಣಿಸದೆ ಇದ್ದಿದ್ದರೆ ಗೊತ್ತಾಗುತ್ತಿರಲಿಲ್ಲ. ಗೊತ್ತಾದ ಮೇಲಾದರೂ ಬಾಯಿ ಮುಚ್ಚಿಕೊಂಡಿರಬೇಕು. ಅದನ್ನು ತಂದು ನನ್ನ ತಲೆಗೆ ಯಾಕೆ ಕಟ್ಟುತ್ತೀಯ? ನಾನೇನು ನಿನ್ನಪ್ಪನಾ?

ಇನ್ನು ಬರೆಯಬೇಡ.

ಸಿದ್ದಲಿಂಗಯ್ಯ


ಉತ್ತರಹಳ್ಳಿ
4 ಮಾರ್ಚ್ 2024

ಪ್ರಿಯಾಂಕಾ,

ಬರೆಯಬೇಡ ಅಂದವನು ನಾನು. ಬರೆಯುತ್ತಿರುವವನೂ ನಾನೇ. ಹದಿನೈದು ದಿನದಿಂದ ಮನೆಯಲ್ಲಿ ಯಾರ ಜೊತೆಯೂ ಸರಿಯಾಗಿ ಮಾತಾಡಿಲ್ಲ. ಕಮಲಾದೇವಿ ತಟ್ಟೆ ಕುಕ್ಕಿ ಇಡುತ್ತಾಳೆ. ನಿನ್ನ ಮೇಲಿನ ಸಿಟ್ಟಲ್ಲ ಅದು. ಯಾರ ಮೇಲಿನದು ಅಂತ ಬರೆಯುತ್ತೇನೆ. ಇದನ್ನು ಕಮಲಾದೇವಿಗೂ ಹೇಳಿಲ್ಲ.

1979. ನನಗೆ ಇಪ್ಪತ್ತೈದು. ಇಲ್ಲಿ ಆಗ ರಾಗಿ ಹೊಲ. ಮನೆ ಕಟ್ಟಿಕೊಡುವ ಒಂದು ಸೊಸೈಟಿಯವರು ಲೇಔಟ್ ಹಾಕಿಸುತ್ತಿದ್ದರು. ನಾನು ಸರ್ವೆಯವರ ಹತ್ತಿರ ದಿನಗೂಲಿ. ಇನ್ನೊಂದು ತಿಂಗಳಿಗೆ ಕಾಯಂ ಮಾಡಿಸುತ್ತೇನೆ ಅಂತ ಸರ್ವೆ ಸಾಹೇಬರು ಅಂದಿದ್ದರು. ಮದುವೆ ಗೊತ್ತಾಗಿತ್ತು.

ನಮ್ಮ ಚೈನು ನೂರಡಿಯದು. ನೂರು ಕೊಂಡಿ, ಒಂದೊಂದು ಕೊಂಡಿ ಒಂದೊಂದು ಅಡಿ. ಒಂದು ದಿನ ಬೆಳಗ್ಗೆಯೇ ಎತ್ತಿನ ಗಾಡಿ ಅದರ ಮೇಲೆ ಹತ್ತಿ ಒಂದು ಕೊಂಡಿ ಮುರಿಯಿತು. ಸಾಹೇಬರು ಇನ್ನೂ ಬಂದಿರಲಿಲ್ಲ. ಬಂದರೆ ಬೈಯುತ್ತಾರೆ ಅಂತ ಹಳೇ ಚೈನಿನಿಂದ ಕೊಂಡಿ ಕಿತ್ತು ಇದಕ್ಕೆ ಸೇರಿಸಿದೆ. ಮುರಿದಿದ್ದು ಒಂದು, ಹಾಕಿದ್ದು ಎರಡು. ಅವಸರ. ಆ ದಿನವೆಲ್ಲ ಆ ಚೈನು ಎಳೆದು ಒಂದು ಬೀದಿಯ ಸೈಟುಗಳಿಗೆ ಗೂಟ ಹೊಡೆದೆವು. ಮೂವತ್ತು ಮೂವತ್ತು ಅಡಿಯ ಹತ್ತು ಸೈಟು. ಚೈನು ಎಳೆದ ಪ್ರತಿ ಸಲವೂ ಒಂದಡಿ ಹೆಚ್ಚು ಹೋಗಿ, ಹತ್ತನೆಯದಕ್ಕೆ ಬರುವಷ್ಟರಲ್ಲಿ ಹೆಚ್ಚುಕಡಿಮೆ ಮೂರಡಿ ಕಮ್ಮಿ ಬಿತ್ತು.

"ಏನೋ ಇದು, ಕೊನೇದು ಕಮ್ಮಿ ಬಂತಲ್ಲ?" ಅಂದರು ಸಾಹೇಬರು.

"ಮೂಲೆ ಕಲ್ಲನ್ನ ಯಾರೋ ಕಿತ್ತು ಈಚೆಗೆ ನೆಟ್ಟಿರ್ಬೇಕು ಸಾರ್" ಅಂದೆ. ಆಗ ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಸಂಜೆ ಚೈನು ಮಡಚುವಾಗ ಅನುಮಾನ ಬಂತು. ಎಣಿಸಿದೆ, ನೂರೊಂದು. ಮತ್ತೆ ಎಣಿಸಿದೆ, ನೂರೊಂದು. ಸಾಹೇಬರು ಅಲ್ಲೇ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು, ಹತ್ತು ಹೆಜ್ಜೆ ದೂರ. "ಚೈನು ಸರಿ ಇದೆಯೇನೋ?" ಅಂತ ಕೇಳಿದರು. ದಿನಾ ಕೇಳುತ್ತಿದ್ದರು. "ಸರಿ ಇದೆ ಸಾರ್" ಅಂದೆ. ಅವರು ಹೋದ ಮೇಲೆ ಹೆಚ್ಚಿನ ಕೊಂಡಿ ಬಿಚ್ಚಿ ಬಾವಿಗೆ ಹಾಕಿದೆ.

ಅವತ್ತೇ ಹೇಳಿದ್ದರೆ ಮಾರನೆಯ ದಿನ ಅರ್ಧ ದಿನದ ಕೆಲಸ. ಒಂಬತ್ತು ಗೂಟ ಕಿತ್ತು ನೆಡುವುದು, ಅಷ್ಟೇ. ಎರಡು ಬೈಗುಳ ತಿನ್ನುತ್ತಿದ್ದೆ. ಕೆಲಸ ಹೋಗುತ್ತಿತ್ತೋ ಏನೋ ಗೊತ್ತಿಲ್ಲ. ಆ ಗೂಟಗಳು ಆಮೇಲೆ ಕಲ್ಲಾದವು, ಕಲ್ಲು ಗೋಡೆಯಾಯಿತು, ಮೇಲೆ ಮಹಡಿ ಬಂತು. ಕೊನೇ ಸೈಟು ತೆಗೆದುಕೊಂಡವರು ಬಡವರು. ಪೂರಾ ಸೈಟು ಅಂತಲೇ ನಂಬಿ ತೆಗೆದುಕೊಂಡರು. ಮನೆ ಕಟ್ಟಿದ ಮೇಲೆ ಮೆಟ್ಟಿಲಿಗೆ ಜಾಗ ಸಾಲದೆ, ಇವತ್ತಿಗೂ ಮೈ ಓರೆ ಮಾಡಿಕೊಂಡು ಹತ್ತುತ್ತಾರೆ. ಅವರ ಬೀರುವನ್ನು ಹಗ್ಗ ಕಟ್ಟಿ ಹೊರಗಿನಿಂದ ಎಳೆದು ಮಹಡಿಗೆ ಏರಿಸಿದರು. ಹಗ್ಗ ಹಿಡಿದವರಲ್ಲಿ ನಾನೂ ಒಬ್ಬ. ಪುಣ್ಯಾತ್ಮ ಅಂತ ಮಜ್ಜಿಗೆ ಕೊಟ್ಟರು, ಕುಡಿದೆ.

ನೀನು ಏನು ಮಾಡಬೇಕು ಅಂತ ಹೇಳುವುದಿಲ್ಲ. ಹೇಳುವ ಯೋಗ್ಯತೆ ನನಗಿಲ್ಲ. ಫ್ಲೆಕ್ಸನ್ನು ಈವತ್ತು ನಾನೇ ಏಣಿ ಹಾಕಿ ಬಿಚ್ಚಿದೆ. ಸನ್ಮಾನ ಇಲ್ಲ.

ನಿನ್ನದು ಇನ್ನೂ ಗೂಟ. ಅಷ್ಟನ್ನು ಹೇಳಬೇಕಿತ್ತು.

ಸಿದ್ದಲಿಂಗಯ್ಯ


ಪುಣೆ
20 ಮಾರ್ಚ್ 2024

ಅಜ್ಜಾರಿಗೆ ಶರಣು.

ಹದಿನೈದಕ್ಕೆ ಹೇಳಿದೆ.

ನಿಮ್ಮ ಕಾಗದ ಹನ್ನೊಂದಕ್ಕೆ ಬಂತು. ಹನ್ನೆರಡಕ್ಕೆ ಗೈಡ್ ಸರ್ ಕೋಣೆಗೆ ಹೋಗಿ ಮೊದಲು ಅವರಿಗೆ ಹೇಳಿದೆ. ಅವರು ಬೈಯಲಿಲ್ಲ, ಕಿಟಕಿಯ ಕಡೆ ತಿರುಗಿ ಕೂತರು. ಬೈದಿದ್ದರೆ ಚೆನ್ನಾಗಿತ್ತು. ಹದಿನೈದರ ಬೆಳಗ್ಗೆ ಬಂದು, "ನೀನೇ ಹೇಳುತ್ತೀಯೋ, ನಾನು ಹೇಳಲೋ?" ಎಂದು ಕೇಳಿದರು. ನಾನೇ ಹೇಳುತ್ತೇನೆ ಅಂದೆ.

ಸಭೆಯಲ್ಲಿ ಅರವತ್ತು ಜನ. ಜೋಡಿ ಸಾಲನ್ನು ತೋರಿಸಿದೆ. ಎಲ್ಲರೂ ಮುಂದಕ್ಕೆ ಬಾಗಿದರು. ಆಮೇಲೆ ತೇಪೆ ತೋರಿಸಿದೆ. ಹಿಂದೆ ಯಾರೋ ನಕ್ಕರು. ವಯಸ್ಸಾದ ಪ್ರೊಫೆಸರ್ ಒಬ್ಬರು, ಹಾಗಾದರೆ ನಿನ್ನ ನಾಲ್ಕು ವರ್ಷದಲ್ಲಿ ಉಳಿದದ್ದು ಏನು ಎಂದು ಕೇಳಿದರು. ತೇಪೆ ಸರಿಮಾಡಿ ಮತ್ತೆ ಇಡೀ ಆಕಾಶ ಹುಡುಕಿದೆ, ಎಲ್ಲೂ ಜೋಡಿ ಸಿಗಲಿಲ್ಲ. ಮಿತಿ ಇದ್ದರೂ ನಮ್ಮ ಕಣ್ಣಿಗೆ ಎಟುಕುವಷ್ಟು ಸಣ್ಣದಲ್ಲ, ಇಲ್ಲದಿದ್ದರೂ ಇರಬಹುದು, ನನಗೆ ಗೊತ್ತಿಲ್ಲ ಎಂದು ಹೇಳಿದೆ. ಅವರು ಅದನ್ನು ಪುಸ್ತಕದಲ್ಲಿ ಬರೆದುಕೊಂಡರು. ಯಾಕೆ ಬರೆದುಕೊಂಡರೋ ಗೊತ್ತಿಲ್ಲ.

ಬರಬೇಕಿದ್ದ ಕೆಲಸ ಬರಲಿಲ್ಲ. ಫೆಲೋಶಿಪ್ ಜೂನ್‌ಗೆ ನಿಲ್ಲುತ್ತದೆ. ಆರು ತಿಂಗಳು ಹೆಚ್ಚು ಸಮಯ ಕೊಟ್ಟಿದ್ದಾರೆ, ಸಂಬಳವಿಲ್ಲದೆ. ಒಂದು ಕಾಲೇಜಿನಲ್ಲಿ ಬೆಳಗಿನ ಹೊತ್ತು ಪಾಠ ಮಾಡಿ, ಮಧ್ಯಾಹ್ನ ಥೀಸಿಸ್ ಬರೆಯುತ್ತೇನೆ. ಅಪ್ಪ "ಹೇಳಿದೆಲ್ಲ, ಛಲೋ ಆತು ಬಿಡು. ಊಟಾ ಮಾಡೀಯಿಲ್ಲೋ?" ಅಂದರು. ಈ ಸಲ ಅತ್ತುಬಿಟ್ಟೆ.

ಇನ್ನೊಂದು ಮಾತು. ನೀವು ಆ ಕೊನೇ ಸೈಟಿನವರ ಹೆಸರು ಬರೆದಿಲ್ಲ. ಅಮ್ಮಾರು ಪ್ರತಿ ಸೋಮವಾರ ಪ್ರಸಾದ ಕೊಟ್ಟು ಬಾ ಅಂತ ನನ್ನನ್ನು ನಾಲ್ಕನೇ ಕ್ರಾಸಿಗೆ ಕಳಿಸುತ್ತಿದ್ದರು. ಮುನಿಲಕ್ಷ್ಮಮ್ಮನವರ ಮನೆಯ ಮೆಟ್ಟಿಲನ್ನು ನಾನು ಮೂರು ವರ್ಷ ಓರೆಯಾಗಿಯೇ ಹತ್ತಿದ್ದೇನೆ.

ನಾನೇನೂ ಕೇಳುವುದಿಲ್ಲ ಅಜ್ಜಾರ.

ಪ್ರಿಯಾಂಕಾ


ಉತ್ತರಹಳ್ಳಿ
31 ಮಾರ್ಚ್ 2024

ಪ್ರಿಯಾಂಕಾ,

ಕೇಳುವುದಿಲ್ಲ ಅಂತ ಬರೆದೇ ಕೇಳಿದ್ದೀಯ.

ಮೊದಲು ಪಾರ್ಕಿಗೆ ಹೋದೆ. ಹುಡುಗಿ ತನ್ನ ತಪ್ಪನ್ನು ತಾನೇ ಹಿಡಿದು ಅರವತ್ತು ಜನರ ಮುಂದೆ ಹೇಳಿದಳು, ಕೊನೆ ಇದೆಯೋ ಇಲ್ಲವೋ ಅವಳಿಗೂ ಗೊತ್ತಿಲ್ಲ ಅಂದೆ. ಕೆಂಪರಾಜು "ಗೊತ್ತಿಲ್ಲ ಅನ್ನೋಕೆ ನಾಲ್ಕು ವರ್ಷ ಓದ್ಬೇಕಾ ಗುರು? ನಾನು ಓದ್ದೇನೇ ಹೇಳ್ತಿದ್ದೆ" ಅಂದ. ಎಲ್ಲರೂ ನಕ್ಕರು. ನಗಲಿ ಅಂತ ಬಿಟ್ಟೆ. "ನೀನು ನೋಡ್ದೇ ಗೊತ್ತಿಲ್ಲ ಅಂತೀಯ. ಅವಳು ಇಡೀ ಆಕಾಶ ಎರಡು ಸಲ ನೋಡಿ ಗೊತ್ತಿಲ್ಲ ಅಂದ್ಲು" ಅಂದೆ. ಅವನು ತಲೆ ಕೆರೆದುಕೊಂಡು, ಹುಡುಗಿ ಬಂದಾಗ ಹೇಳು, ನಾನೂ ಬಂದು ಮಾತಾಡಿಸುತ್ತೇನೆ ಅಂದ.

ಅಲ್ಲಿಂದ ನಾಲ್ಕನೇ ಕ್ರಾಸು ಐದು ನಿಮಿಷದ ದಾರಿ. ಮೂರು ಸಲ ಹೋಗಿ ಮೂರು ಸಲ ವಾಪಸ್ ಬಂದೆ. ನಿನ್ನೆ ನಾಲ್ಕನೇ ಸಲ ಬಾಗಿಲು ತಟ್ಟಿದೆ.

ಮುನಿಲಕ್ಷ್ಮಮ್ಮ ವರಾಂಡದಲ್ಲಿ ಕೂತು ಕನಕಾಂಬರ ಕಟ್ಟುತ್ತಿದ್ದಳು. ನಾನು ನಿಂತುಕೊಂಡೇ ಹೇಳಿದೆ. ಗಾಡಿ, ಕೊಂಡಿ, ಸಂಜೆ ಎಣಿಸಿದ್ದು, ಸರಿ ಇದೆ ಸಾರ್ ಅಂದದ್ದು, ಎಲ್ಲ. ಬೈಯುತ್ತಾಳೆ, ಬೀದಿಯವರನ್ನು ಕರೆಯುತ್ತಾಳೆ ಅಂತ ತಯಾರಾಗಿ ಹೋಗಿದ್ದೆ. ಅವಳು ಕೈಯಲ್ಲಿದ್ದ ದಾರವನ್ನು ಕೆಳಗಿಟ್ಟಳು.

"ಹಂಗಾದ್ರೆ ತಪ್ಪು ನಮ್ಮನೆಯವ್ರದು ಆಗಿರ್ಲಿಲ್ವಾ?" ಅಂದಳು.

ನನಗೆ ಅರ್ಥವಾಗಲಿಲ್ಲ. ಕೇಳಿಸಲಿಲ್ಲ ಅಂದುಕೊಂಡು ಹತ್ತಿರ ಬಂದು ಜೋರಾಗಿ ಹೇಳಿದಳು. "ಎಲ್ರೂ ಅಳತೆ ಹಾಕಿ ಸೈಟ್ ತಗೊಂಡ್ರೆ ನೀನು ಹೂವು ಅಳೆದಂಗೆ ಮೊಳದಲ್ಲಿ ಅಳೆದು ತಗೊಂಡೆ ಅಂತ ಅಂತಿದ್ದೆ ಅಯ್ನೋರೇ. ದಡ್ಡ ಅಂತಿದ್ದೆ. ಮೆಟ್ಲು ಹತ್ತಿದಾಗೆಲ್ಲಾ ಅಂತಿದ್ದೆ. ನಲ್ವತ್ತು ವರ್ಷ ಅಂದಿದೀನಿ. ಒಂದು ದಿನಾನೂ ಎದುರು ಮಾತಾಡ್ಲಿಲ್ಲ ಆಯಪ್ಪ. ತಾನೇ ದಡ್ಡ ಅಂತ ನಂಬ್ಕೊಂಡೇ ಹೋದ್ರು."

ಪ್ರಿಯಾಂಕಾ, ಮೂರಡಿ ಜಾಗ ಕಸಿದೆ ಅಂತ ಇಷ್ಟು ವರ್ಷ ತಿಳಿದಿದ್ದೆ. ನಾನು ಕಸಿದಿದ್ದು ಅದಲ್ಲ. ಅಳತೆ ತಪ್ಪಿದರೆ ಎಲ್ಲಿಯವರೆಗೆ ಹೋಗುತ್ತೆ ಅಂತ ಅಳೆಯಲು ಬರುವುದಿಲ್ಲ. ನೀನು ಎಷ್ಟು ಬೇಗ ಹೇಳಿದೆ ಅನ್ನುವುದು ನನಗೆ ಆಗ ಗೊತ್ತಾಯಿತು.

ಅವಳು ಒಳಗೆ ಹೋದಳು. ಗೋಡೆಯ ಮೇಲೆ ಗಂಡನ ಫೋಟೋ ಇದೆ. ಅದರ ಮುಂದೆ ನಿಂತು ಏನೋ ಹೇಳುತ್ತಿದ್ದಳು. ನನಗೆ ಬೆನ್ನು ಕಾಣುತ್ತಿತ್ತು, ಅಷ್ಟೇ. ಬಹಳ ಹೊತ್ತು ಹೇಳಿದಳು. ನಾನು ವರಾಂಡದಲ್ಲೇ ನಿಂತಿದ್ದೆ. ಹೊರಗೆ ಬಂದು, ಇನ್ನೂ ಇದೀರಾ ಅನ್ನುವ ಹಾಗೆ ನೋಡಿ, ಹೂವು ಎತ್ತಿಕೊಂಡು ಬಾಗಿಲು ಹಾಕಿಕೊಂಡಳು. ಕೂರಿ ಅನ್ನಲಿಲ್ಲ. ಕಾಫಿ ಕೊಡಲಿಲ್ಲ. ಕೊಡಬಾರದು.

ನಾಳೆ ಮತ್ತೆ ಹೋಗುತ್ತೇನೆ. ಬೈಯುವುದು ಬಾಕಿ ಇದೆ, ಅವಳು ಬೈಯಲಿ.

ಸಿದ್ದಲಿಂಗಯ್ಯ